ಬಿಸಿಯೂಟದ ನಂತರದ ಪಿರಿಯಡ್

ದಾವಣಗೆರೆ ಹತ್ತಿರದ ಹಳ್ಳಿಯೊಂದರಲ್ಲಿ ಒಂಬತ್ತನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಬಿಸಿಯೂಟ ಆದಮೇಲಿನ ಪಿರಿಯಡ್ ನನ್ನದು. 40 ನಿಮಿಷದಲ್ಲಿ ಹತ್ತು ನಿಮಿಷ ಗಲಾಟೆ ನಿಲ್ಲಿಸುವುದರಲ್ಲೇ ಹೋಗುತ್ತಿತ್ತು. ಬೈದರೆ ಸ್ವಲ್ಪ ಹೊತ್ತು ಸುಮ್ನಿರುತ್ತಿದ್ದರು, ಅಷ್ಟೇ.

ಈಗ ಮಕ್ಕಳು ಒಳಗೆ ಬರುವ ಮೊದಲೇ ಬೋರ್ಡಿನ ಎಡ ಮೂಲೆಯಲ್ಲಿ ಒಂದು ಲೆಕ್ಕ ಬರೆದಿರುತ್ತೇನೆ. ಹಿಂದಿನ ದಿನದ ಪಾಠದ್ದೇ, ಎಲ್ಲರಿಗೂ ಬರುವಂಥದ್ದು. ಮೆಕ್ಕೆಜೋಳದ ತೂಕ, ರೇಟು ಇದ್ದರೆ ಹಿಂದಿನ ಬೆಂಚಿನವರೂ ಪೆನ್ನು ತೆಗೆಯುತ್ತಾರೆ. ಅವರು ಬಿಡಿಸುವಾಗ ನಾನು ಮಾತಾಡುವುದಿಲ್ಲ, ಹಾಜರಿ ಹಾಕುತ್ತೇನೆ. 5 ನಿಮಿಷಕ್ಕೆ ಒಬ್ಬರು ಬೋರ್ಡಿಗೆ ಬರಬೇಕು. ದಿನಾ ಇದೇ ಕ್ರಮ.

ಮೊದಲ ವಾರ ಏನೂ ಬದಲಾಗಲಿಲ್ಲ. ನಡುವೆ ಎರಡು ದಿನ ನಾನೇ ಬಿಟ್ಟೆ, ಮತ್ತೆ ಅದೇ ಗದ್ದಲ. ನಾನೇ ತಪ್ಪಿಸಿದರೆ ಮಕ್ಕಳು ಹೇಗೆ ಪಾಲಿಸುತ್ತಾರೆ, ಅಲ್ವಾ? ಮೂರನೇ ವಾರ ಒಂದು ದಿನ ತಡವಾಗಿ ಹೋದೆ. ಹುಡುಗಿಯೊಬ್ಬಳು ತಾನೇ ಲೆಕ್ಕ ಬರೆದಿದ್ದಳು. ಎಲ್ಲರೂ ತಲೆ ಬಗ್ಗಿಸಿ ಬಿಡಿಸುತ್ತಿದ್ದರು.