ಮೊದಲ ಎಲೆಕ್ಟ್ರಿಕ್ ಗಿಟಾರ್: ಯಾವ ಅಳತೆ ಎಲ್ಲಿಂದ ತೆಗೆದುಕೊಳ್ಳಬೇಕು?

ಎಲೆಕ್ಟ್ರಿಕ್ ಗಿಟಾರ್ ಮಾಡಬೇಕು ಅಂತ ಹೊರಟವರು ಮೊದಲು ಕೇಳುವುದು ಮರದ ಬಗ್ಗೆ. ಹಲಸು ಆಗುತ್ತಾ? ಸಾಗವಾನಿ ಜಾಸ್ತಿ ಭಾರ ಆಗುತ್ತಾ? ಶಿರಸಿ ಕಡೆ ಸಾಮಿಲ್ಲಿನಲ್ಲಿ ಒಣಗಿದ ಹಲಗೆ ಸಿಗುತ್ತಾ? ಹಲಸು ಖಂಡಿತ ಆಗುತ್ತದೆ. ವೀಣೆಗೆ, ಮೃದಂಗಕ್ಕೆ ಒಗ್ಗಿದ ಮರ ಅದು. ಆದರೆ ಹಲಗೆ ಕೊಳ್ಳುವ ಮೊದಲು ಅಳತೆ ಎಲ್ಲಿಂದ ತರುತ್ತೀರಿ ಅಂತ ತೀರ್ಮಾನ ಮಾಡಿಕೊಳ್ಳಿ.

ನನ್ನ ಮೇಜಿನ ಮೇಲೆ ನಕ್ಷೆಯೂ ಇರಬೇಕು, ಪಕ್ಕದಲ್ಲಿ ಒಂದು ನಿಜವಾದ ಗಿಟಾರೂ ಇರಬೇಕು. ಯಾವ ಭಾಗ ಯಾವುದಕ್ಕೆ ಎಷ್ಟು ದೂರ ಅನ್ನುವುದನ್ನು ನಕ್ಷೆಗೆ ಕೇಳಿ. ಕೈಗೆ ಹೇಗೆ ಕೂರಬೇಕು ಅನ್ನುವುದನ್ನು ಗಿಟಾರಿಗೆ ಕೇಳಿ. ತೂತು, ಅಗಲ, ಆಳ ಇವನ್ನು ಮಾತ್ರ ನೀವು ದುಡ್ಡು ಕೊಟ್ಟು ತಂದ ಬಿಡಿಭಾಗವೇ ಹೇಳಬೇಕು.

ಮೊದಲ ಸಲಕ್ಕೆ ಟೆಲಿಕಾಸ್ಟರ್ ಮಾದರಿ ಹಿಡಿಯಿರಿ. ಫೆಂಡರ್ ಕಂಪನಿ 1950ರಲ್ಲಿ ಬೇರೆ ಹೆಸರಿನಲ್ಲಿ ತಂದ ಗಿಟಾರ್ ಅದು, 1951ರಲ್ಲಿ ಈ ಹೆಸರು ಬಂತು. ಚಪ್ಪಟೆ ಬಾಡಿ, ನಾಲ್ಕು ಸ್ಕ್ರೂ ಹಾಕಿ ಕೂರಿಸುವ ನೆಕ್ (ಬೆರಳು ಆಡಿಸುವ ಉದ್ದನೆ ಕತ್ತು), ಯಾವ ಕೋನವೂ ಇಲ್ಲ. ಲೆಸ್ ಪಾಲ್ ಮಾದರಿಯಲ್ಲಿ ಬ್ರಿಜ್ (ಬಾಡಿಯ ಮೇಲೆ ತಂತಿ ಆತು ನಿಲ್ಲುವ ಭಾಗ) ಎತ್ತರ. ಅದಕ್ಕೆ ನೆಕ್ ಸುಮಾರು 4 ಡಿಗ್ರಿ ಹಿಂದಕ್ಕೆ ವಾಲಬೇಕು, ಅಂಟಿಸಲೂ ಬೇಕು. ಅದು ಎರಡನೇ ಗಿಟಾರಿಗೆ ಇರಲಿ.

ಬ್ರಿಜ್, ಟ್ಯೂನರ್ (ತಂತಿ ಬಿಗಿಸುವ ಕೀಲಿ), ಪಿಕಪ್ (ತಂತಿಯ ಸದ್ದು ಹಿಡಿಯುವ ಭಾಗ), ಪಾಟ್ (ಸದ್ದು ಏರಿಳಿಸುವ ತಿರುಗಣೆ) ಎಲ್ಲ ಮನೆಗೆ ಬರುವ ತನಕ ಮರ ಮುಟ್ಟಬೇಡಿ. ನಕ್ಷೆಗಳು ಹೆಚ್ಚಾಗಿ ಅಮೆರಿಕದ ಇಂಚಿನಲ್ಲಿರುತ್ತವೆ, ನಮಗೆ ತರಿಸಿಕೊಳ್ಳಲು ಸಿಗುವ ಭಾಗಗಳು ಬಹಳಷ್ಟು ಮಿಲಿಮೀಟರ್ ಲೆಕ್ಕದವು. ಈಗಿನ ಮುಚ್ಚಿದ ಟ್ಯೂನರಿಗೆ 10 ಮಿ.ಮೀ. ತೂತು ಬೇಕು, ಹಳೆ ಮಾದರಿಯದಕ್ಕೆ ಅದಕ್ಕಿಂತ ಸಣ್ಣದು ಸಾಕು. ನಕ್ಷೆ ನೋಡಿ ತೂತು ಹೊಡೆದ ಮೇಲೆ ಟ್ಯೂನರ್ ಲೊಡಲೊಡ ಅಂದರೆ ಏನು ಮಾಡುತ್ತೀರಿ? ಬ್ರಿಜ್ ಕೂಡ ಹಾಗೇ. ಮೊದಲ ತಂತಿಯಿಂದ ಆರನೇ ತಂತಿಗೆ ಒಂದರಲ್ಲಿ 54 ಮಿ.ಮೀ., ಇನ್ನೊಂದರಲ್ಲಿ 52.5. ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯಿರಿ, ನಕ್ಷೆಯ ಮೇಲೆ ಆ ಸಂಖ್ಯೆಯನ್ನು ಕೆಂಪು ಪೆನ್ನಿನಲ್ಲಿ ತಿದ್ದಿ.

ಇನ್ನು ನಕ್ಷೆಯ ಪ್ರಿಂಟ್. ಅಂಗಡಿಯವರಿಗೆ 'ನೂರು ಪರ್ಸೆಂಟ್ ಸೈಜಿನಲ್ಲೇ ತೆಗೀರಿ, ಪೇಪರಿಗೆ ಹೊಂದಿಸಬೇಡಿ' ಅಂತ ಬಿಡಿಸಿ ಹೇಳಿ. ಕೈಗೆ ಬಂದ ಕೂಡಲೇ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಸ್ಟೀಲ್ ಪಟ್ಟಿ ಇಟ್ಟು ನೋಡಿ. ಎರಡೂ ಕಡೆ ನೋಡಲೇಬೇಕು, ಯಾಕೆಂದರೆ ಪ್ರಿಂಟರ್ ಒಂದು ದಿಕ್ಕಿನಲ್ಲಿ ಸರಿ ಇದ್ದು ಇನ್ನೊಂದರಲ್ಲಿ ಎಳೆದಿರುತ್ತದೆ. ನಮ್ಮ ಕಾರವಾರದಲ್ಲಿ ಮತ್ತೊಂದು ತೊಂದರೆ ಇದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಾಗದ ತೇವ ಕುಡಿದು ಹಿಗ್ಗುತ್ತದೆ. ಸ್ಕೇಲ್ ಲೆಂತಿನ, ಅಂದರೆ ನಟ್‌ನಿಂದ (ನೆಕ್ಕಿನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) ಬ್ರಿಜ್ಜಿನ ತನಕ ತಂತಿ ಮಿಡಿಯುವ ಉದ್ದದ, 648 ಮಿ.ಮೀ. ಗೆರೆ ಒಂದು ಮಿಲಿಮೀಟರ್ ಬೆಳೆದರೂ ಕಣ್ಣಿಗೆ ಗೊತ್ತಾಗುವುದಿಲ್ಲ, ಕಿವಿಗೆ ಗೊತ್ತಾಗುತ್ತದೆ. ಆ ನಕ್ಷೆಯನ್ನು ಪ್ಲೈವುಡ್ಡಿಗೆ ನೀರಿನ ಅಂಟು ಹಚ್ಚಿ ಅಂಟಿಸಿದರೆ ಇನ್ನೂ ಹಿಗ್ಗುತ್ತದೆ. ಒಣ ಗಮ್ ಸ್ಟಿಕ್ ಇಲ್ಲವೇ ಸ್ಪ್ರೇ ಅಂಟು ಒಳ್ಳೆಯದು.

ಹಾಗಾಗಿ ಕಾಗದದಿಂದ ಬಾಡಿಯ ಆಕಾರ ತೆಗೆದುಕೊಳ್ಳಿ, ಫ್ರೆಟ್ (ನೆಕ್ಕಿನ ಮೇಲಿನ ಅಡ್ಡ ಲೋಹದ ಪಟ್ಟಿ) ಜಾಗವನ್ನು ಎಂದೂ ತೆಗೆದುಕೊಳ್ಳಬೇಡಿ. ಫ್ರೆಟ್ಟಿಗೆ ಲೆಕ್ಕ ಇದೆ. ಸ್ಕೇಲ್ ಲೆಂತನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ ಬರುತ್ತದೆ. 648ಕ್ಕೆ ಅದು 36.37 ಮಿ.ಮೀ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿ ಕೂಡಿದರೆ ಎರಡನೆಯದು, ನಟ್‌ನಿಂದ 70.70. ಹನ್ನೆರಡನೆಯದು ಸರಿಯಾಗಿ 324ಕ್ಕೆ ಬರಬೇಕು. ಬಂದರೆ ನಿಮ್ಮ ಲೆಕ್ಕ ಸರಿ. ಗುರುತು ಹಾಕುವಾಗ ಪ್ರತಿಯೊಂದನ್ನೂ ನಟ್‌ನಿಂದಲೇ ಅಳೆಯಿರಿ. ಹಿಂದಿನ ಫ್ರೆಟ್‌ನಿಂದ ಅಳೆಯುತ್ತ ಹೋದರೆ ಕೂದಲೆಳೆಯಷ್ಟು ವ್ಯತ್ಯಾಸ ಕೂಡುತ್ತಾ ಹೋಗುತ್ತದೆ.

ಗಿಟಾರ್ ಎರವಲು ತರುವುದಕ್ಕೂ ಒಂದು ಹೊತ್ತು ಇದೆ. ಸದಾಶಿವಗಡದಲ್ಲಿ ಬ್ಯಾಂಡಿನಲ್ಲಿ ನುಡಿಸುವ ಗೆಳೆಯನಿಗೆ ನಾನು ಹೇಳಿಟ್ಟಿದ್ದೇನೆ, 'ತಂತಿ ಬದಲಿಸೋ ದಿನ ನನ್ನ ಕರಿ ಮಾರಾಯಾ, ನಾನೇ ಹೊಸ ತಂತಿ ಹಾಕಿ ಕೊಡ್ತೆ' ಅಂತ. ತಂತಿ ಇದ್ದರೆ ನೆಕ್ಕಿನ ದಪ್ಪ ಸರಿಯಾಗಿ ಸಿಗುವುದಿಲ್ಲ, ಕ್ಯಾಲಿಪರ್ ತಂತಿಗೇ ತಾಗುತ್ತದೆ. ಮೊದಲನೇ ಫ್ರೆಟ್ ಹತ್ತಿರ, ಹನ್ನೆರಡನೆಯದರ ಹತ್ತಿರ ದಪ್ಪ ಬರೆದುಕೊಳ್ಳಿ. ಹಿಂಬದಿಯ ಉಬ್ಬಿಗೆ ರಟ್ಟು ಕತ್ತರಿಸಿ ಕತ್ತರಿಸಿ ಹೊಂದಿಸಿ, ಬೆಳಕಿಗೆ ಹಿಡಿದರೆ ಸಂದು ಕಾಣಬಾರದು. ಈ ರಟ್ಟಿನಷ್ಟು ಉಪಯೋಗದ ವಸ್ತು ನನ್ನ ಪೆಟ್ಟಿಗೆಯಲ್ಲಿ ಇನ್ನೊಂದಿಲ್ಲ. ಒಂದೇ ದಪ್ಪದ ಎರಡು ನೆಕ್, ಹಿಂಬದಿಯ ಇಕ್ಕೆಲದ ಉಬ್ಬು ಬೇರೆಯಾದರೆ, ಕೈಗೆ ಪೂರಾ ಬೇರೆ ಅನಿಸುತ್ತವೆ. ಅದನ್ನು ನಕ್ಷೆ ತೋರಿಸುವುದು ಕಷ್ಟ.

ಗಿಟಾರಿನ ಸ್ಕೇಲ್ ಲೆಂತ್ ಅಳೆಯಲು ನಟ್‌ನಿಂದ ಬ್ರಿಜ್ಜಿಗೆ ಟೇಪ್ ಹಿಡಿಯಬೇಡಿ. ಶ್ರುತಿಗಾಗಿ ಸ್ಯಾಡಲ್‌ಗಳನ್ನು (ಬ್ರಿಜ್ಜಿನಲ್ಲಿ ತಂತಿ ಕೂರುವ ಸಣ್ಣ ತುಂಡುಗಳು) ಹಿಂದಕ್ಕೆ ಸರಿಸಿರುತ್ತಾರೆ, ದಪ್ಪ ತಂತಿಯದು ಮೂರ್ನಾಲ್ಕು ಮಿ.ಮೀ. ಹಿಂದಿರುವುದೂ ಉಂಟು. ನಟ್‌ನಿಂದ ಹನ್ನೆರಡನೇ ಫ್ರೆಟ್‌ನ ನಡುವಿಗೆ ಅಳೆದು ಎರಡರಿಂದ ಗುಣಿಸಿ. ಬಾಡಿಯ ಸುತ್ತ ಪೆನ್ಸಿಲ್ ಎಳೆದರೆ ಪೆನ್ಸಿಲ್ಲಿನ ಅರ್ಧ ದಪ್ಪದಷ್ಟು ಆಕಾರ ಊದಿಕೊಳ್ಳುತ್ತದೆ, ಅದನ್ನು ಕಳೆಯಿರಿ. ಫೋನಿನ ಫೋಟೋದಿಂದ ಆಕಾರ ತೆಗೆಯುವುದನ್ನು ಬಿಟ್ಟುಬಿಡಿ, ಹತ್ತಿರದಿಂದ ತೆಗೆದದ್ದರಲ್ಲಿ ಅಂಚುಗಳು ಬಾಗಿರುತ್ತವೆ.

ನಕ್ಷೆಯಲ್ಲಿ ಜನ ಗಮನ ಕೊಡದೆ ಹೋಗುವುದು ಪಕ್ಕದ ನೋಟ. ನನಗೆ ಎಲ್ಲಕ್ಕಿಂತ ಮುಖ್ಯ ಅದೇ. ಉದ್ದನೆ ಹಾಳೆಯಲ್ಲಿ ನಿಜ ಗಾತ್ರದಲ್ಲಿ ನೀವೇ ಬರೆಯಿರಿ. ಫೆಂಡರ್ ಲೆಕ್ಕದಲ್ಲಿ ನೆಕ್ಕಿನ ಬುಡ 25.4 ಮಿ.ಮೀ. ದಪ್ಪ, ಅದು ಕೂರುವ ಗುಂಡಿ 15.9 ಆಳ. ಅಂದರೆ ನೆಕ್ ಬಾಡಿಯಿಂದ 9.5 ಮೇಲೆ ನಿಲ್ಲುತ್ತದೆ. ಫ್ರೆಟ್ ಎತ್ತರ 1, ಅದರ ಮೇಲೆ ತಂತಿ 2. ಬ್ರಿಜ್ ಹತ್ತಿರ ತಂತಿ ಸುಮಾರು 13 ಮಿ.ಮೀ. ಎತ್ತರದಲ್ಲಿರುತ್ತದೆ ಅಂತಾಯಿತು. ನೀವು ತಂದ ಬ್ರಿಜ್ಜಿನ ಸ್ಯಾಡಲ್ ಆ ಎತ್ತರಕ್ಕೆ ಬರುತ್ತಾ, ಮೇಲೆ ಕೆಳಗೆ ಸ್ವಲ್ಪ ಜಾಗ ಉಳಿಯುತ್ತಾ ನೋಡಿ. ತಯಾರು ನೆಕ್ ತಂದು ಅದರ ಬುಡ 24 ಮಿ.ಮೀ. ಇದ್ದರೆ ಗುಂಡಿಯ ಆಳ 14.5ಕ್ಕೆ ಇಳಿಯಬೇಕು. ಇಲ್ಲಿ ನಕ್ಷೆಯ 15.9ನ್ನು ಹಿಡಿದು ಕೂತರೆ ಕೆಲಸ ಕೆಡುತ್ತದೆ. ಒಂದು ನಕ್ಷೆಯ ಗುಂಡಿ, ಇನ್ನೊಂದು ನಕ್ಷೆಯ ಬ್ರಿಜ್ ಅಂತ ಬೆರೆಸುವುದೂ ಬೇಡ. ನಟ್, ಗುಂಡಿ, ಬ್ರಿಜ್ ಮೂರೂ ಒಂದೇ ಲೆಕ್ಕದಲ್ಲಿರಲಿ.

ಟೆಂಪ್ಲೇಟಿಗೆ, ಅಂದರೆ ಹಲಗೆಯ ಆಕಾರ ಕತ್ತರಿಸುವ ಅಚ್ಚಿಗೆ, ಮಳೆಗಾಲದಲ್ಲಿ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಇಡಬೇಡಿ, ಅಂಚು ಉಬ್ಬುತ್ತದೆ. ಒಳ್ಳೆ ಪ್ಲೈವುಡ್ ಸಾಕು. ನಡುಗೆರೆಯನ್ನು ಟೆಂಪ್ಲೇಟಿನ ಮೇಲೂ, ಹಲಗೆಯ ಎರಡೂ ಮುಖದ ಮೇಲೂ ಚೂಪು ಚಾಕುವಿನಿಂದ ಗೀರಿ.

ಬ್ರಿಜ್ಜಿನ ತೂತು ಎಲ್ಲಕ್ಕಿಂತ ಕೊನೆಗೆ. ನೆಕ್ಕನ್ನು ಸ್ಕ್ರೂ ಹಾಕಿ ಬಿಗಿ ಮಾಡಿ. ಬೈತಖೋಲದ ಕಡೆ ಮೀನು ಹಿಡಿಯುವ ನೈಲಾನ್ ದಾರ ಸಿಗುತ್ತದಲ್ಲ, ಅದನ್ನು ಮೊದಲ ಮತ್ತು ಆರನೇ ತಂತಿಯ ಜಾಗದಲ್ಲಿ ಟ್ಯೂನರಿನಿಂದ ಬ್ರಿಜ್ಜಿಗೆ ಎಳೆದು ಕಟ್ಟಿ. ಬ್ರಿಜ್ಜನ್ನು ಟೇಪಿನಿಂದ ಹಿಡಿಸಿರಿ ಸಾಕು. ಕೊನೆಯ ಫ್ರೆಟ್ ಹತ್ತಿರ ಎರಡೂ ಅಂಚಿಗೆ ದಾರದ ದೂರ ಸಮ ಬರುವ ತನಕ ಬ್ರಿಜ್ಜನ್ನು ಅತ್ತಿತ್ತ ಸರಿಸಿ. ಸಣ್ಣ ತಂತಿಯ ಸ್ಯಾಡಲನ್ನು ಹೆಚ್ಚುಕಡಿಮೆ ಪೂರ್ತಿ ಮುಂದಕ್ಕೆ ತಂದು, ಅದು ನಟ್‌ನಿಂದ 648ರಲ್ಲಿ ನಿಲ್ಲುವಂತೆ ಮಾಡಿ. ನಕ್ಷೆಯ ಗುರುತಿಗೂ ಇದಕ್ಕೂ ಒಂದು ಮಿಲಿಮೀಟರ್ ವ್ಯತ್ಯಾಸ ಬಂದರೆ ನಕ್ಷೆಯನ್ನು ಬಿಡಿ, ದಾರ ತೋರಿಸಿದಲ್ಲೇ ಡ್ರಿಲ್ ಇಡಿ.