ಹೊಸ ರೋಡ್ ಬೈಕ್: ಮೊದಲು ಸೀಟು, ಆಮೇಲೆ ಹ್ಯಾಂಡಲ್

ರೋಡ್ ಬೈಕ್, ಅಂದರೆ ಬಾಗಿದ ಹ್ಯಾಂಡಲಿನ, ತೆಳು ಟೈರಿನ ಸೈಕಲ್, ಕೊಂಡ ಹೊಸತರಲ್ಲಿ ಎಲ್ಲರ ದೂರೂ ಹೆಚ್ಚುಕಡಿಮೆ ಒಂದೇ. ಕೈ ಜೋಮು ಹಿಡಿಯುತ್ತದೆ, ಕುತ್ತಿಗೆ ಸೆಳೆಯುತ್ತದೆ, ಮಂಡಿ ನೋಯುತ್ತದೆ, ಕೂರುವ ಜಾಗದ ಕಥೆಯಂತೂ ಕೇಳಲೇಬೇಡಿ. ತಕ್ಷಣ ಜೆಲ್ ಗ್ಲೌಸ್ ಬರುತ್ತದೆ, ದಪ್ಪ ಸೀಟ್ ಕವರ್ ಬರುತ್ತದೆ, ಹ್ಯಾಂಡಲ್ ಎತ್ತರ ಮಾಡಿಸುವ ಮಾತು ಬರುತ್ತದೆ. ಇಲ್ಲೇ ದಾರಿ ತಪ್ಪುವುದು. ಈ ಬೈಕಿನಲ್ಲಿ ನೋವು ಒಂದು ಕಡೆ ಇದ್ದರೆ ಕಾರಣ ಇನ್ನೊಂದು ಕಡೆ ಇರುತ್ತದೆ, ಕೈ ನೋವಿಗೆ ಸೀಟು ಕಾರಣವಾಗಿರುವುದು ತುಂಬಾ ಸಾಮಾನ್ಯ. ಹಾಗಾಗಿ ಸೀಟು ಸರಿಯಾಗುವವರೆಗೆ ಹ್ಯಾಂಡಲ್ ಮುಟ್ಟಬೇಡಿ.

ಇನ್ನೂ ಬೈಕ್ ಕೊಂಡಿಲ್ಲ ಅಂದರೆ ಫ್ರೇಮ್ ಸೈಜ್ ಬಗ್ಗೆ ಹಟ ಹಿಡಿಯಿರಿ. ಉಳಿದದ್ದೆಲ್ಲ ಬದಲಾಯಿಸಬಹುದು, ಫ್ರೇಮ್ ಬದಲಾಯಿಸಲು ಆಗುವುದಿಲ್ಲ. ಎತ್ತರದ ಚಾರ್ಟ್ ಒಂದು ಅಂದಾಜು ಅಷ್ಟೇ. 170 ಸೆಂ.ಮೀ. ಎತ್ತರದ ಇಬ್ಬರಲ್ಲಿ ಒಬ್ಬರಿಗೆ ಕಾಲು ಉದ್ದ, ಇನ್ನೊಬ್ಬರಿಗೆ ಬೆನ್ನು ಉದ್ದ ಇರಬಹುದು. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಸ್ಮಾಲ್ ಆಗಿರುವುದೂ ಉಂಟು. ಕಂಪನಿಯ ಜಿಯಾಮೆಟ್ರಿ ಪಟ್ಟಿಯಲ್ಲಿ ಸ್ಟ್ಯಾಕ್ ಮತ್ತು ರೀಚ್ ಅಂತ ಎರಡು ಅಂಕಿ ಇರುತ್ತವೆ. ಫ್ರೇಮಿನ ಮುಂಭಾಗ ಎಷ್ಟು ಎತ್ತರ, ಎಷ್ಟು ದೂರ ಅನ್ನುವುದು ಅದರಲ್ಲಿ ಗೊತ್ತಾಗುತ್ತದೆ. ಎರಡು ಬೈಕ್ ಹೋಲಿಸಲು ಅವೆರಡೇ ಸಾಕು. ಮೊದಲ ಬೈಕಿಗೆ ಎಂಡ್ಯೂರೆನ್ಸ್ (ದೂರದ, ಆರಾಮದ ಸವಾರಿಯ) ಮಾದರಿ ತೆಗೆದುಕೊಳ್ಳಿ, ಅದರಲ್ಲಿ ಸ್ಟ್ಯಾಕ್ ಜಾಸ್ತಿ, ರೀಚ್ ಕಡಿಮೆ. ರೇಸ್ ಫ್ರೇಮ್ ನೋಡಲು ಚೆಂದ, ಆದರೆ ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ಬಿಗಿಯಾದ ಬೆನ್ನು ಅದಕ್ಕೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಅಂಗಡಿಯವರು ಸ್ಟಾಕ್‌ನಲ್ಲಿರುವ ಸೈಜನ್ನೇ ತೋರಿಸಿ "ಇದೇ ಸರಿಹೋಗುತ್ತೆ ಸಾರ್" ಅಂದರೆ ಒಂದು ವಾರ ಕಾಯಿರಿ, ಏನೂ ನಷ್ಟವಿಲ್ಲ.

ಈಗ ಸೀಟಿನ ಎತ್ತರ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಗಟ್ಟಿ ರಟ್ಟಿನ ಒಂದು ಪುಸ್ತಕವನ್ನು ಕಾಲುಗಳ ನಡುವೆ ಸೀಟಿನ ಹಾಗೆ ಬಿಗಿಯಾಗಿ ಮೇಲಕ್ಕೆ ಒತ್ತಿ ಹಿಡಿಯಿರಿ. ಪುಸ್ತಕದ ಮೇಲಂಚಿನಿಂದ ನೆಲಕ್ಕೆ ಎಷ್ಟಿದೆ ಅಂತ ಅಳೆದು, ಅದನ್ನು 0.883ರಿಂದ ಗುಣಿಸಿ. 80 ಸೆಂ.ಮೀ. ಬಂದರೆ ಉತ್ತರ ಸುಮಾರು 70.6. ಕ್ರ್ಯಾಂಕ್ (ಪೆಡಲ್ ಜೋಡಿಸಿದ ತೋಳು) ತಿರುಗುವ ನಡುಬಿಂದುವಿನಿಂದ ಸೀಟ್ ಟ್ಯೂಬ್ (ಸೀಟಿನ ಕೆಳಗಿನ ಫ್ರೇಮ್ ಕೊಳವೆ) ಗುಂಟ ಸೀಟಿನ ಮೇಲ್ಮೈವರೆಗೆ ಇಷ್ಟು ಇರಬೇಕು. ಈ ಲೆಕ್ಕ ಹೆಸರಾದದ್ದು ಮೂರು ಸಲ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಗೆದ್ದ ಅಮೆರಿಕದ ಗ್ರೆಗ್ ಲಿಮಾಂಡ್ ಅವರಿಂದ. ಆಗಿನ ಶೂ, ಪೆಡಲ್ ಬೇರೆ, ಹಾಗಾಗಿ ಕೆಲವು ಮಿಲಿಮೀಟರ್ ಆಚೀಚೆ ಆಗುತ್ತದೆ. ಲೆಕ್ಕ ಬೇಡ ಅನ್ನುವವರು ಸೀಟಿನ ಮೇಲೆ ಕೂತು, ಗೋಡೆ ಹಿಡಿದು, ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಹಿಂದಕ್ಕೆ ತುಳಿಯಿರಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಕಾಲು ನೇರವಾಗಬೇಕು, ಸೊಂಟ ವಾಲಬಾರದು. ಆಮೇಲೆ ಪಾದದ ಮುಂಭಾಗವನ್ನು ಪೆಡಲ್ ಮೇಲಿಟ್ಟರೆ ಮಂಡಿಯಲ್ಲಿ ಬೇಕಾದಷ್ಟು ಬಾಗು ತಾನಾಗಿ ಬರುತ್ತದೆ, ಸುಮಾರು 25ರಿಂದ 35 ಡಿಗ್ರಿ.

ಇಲ್ಲಿ ಎಲ್ಲರಿಗೂ ಒಂದು ಭಯ. ಇಷ್ಟು ಎತ್ತರದಲ್ಲಿ ಕೂತರೆ ಕಾಲು ನೆಲಕ್ಕೆ ತಾಗುವುದಿಲ್ಲ ಅಲ್ವಾ? ತಾಗಬಾರದು. ಕ್ರ್ಯಾಂಕಿನ ನಡುಬಿಂದುವೇ ನೆಲದಿಂದ ಸುಮಾರು 27 ಸೆಂ.ಮೀ. ಮೇಲಿರುತ್ತದೆ, ಹಾಗಿರುವಾಗ ಸರಿಯಾದ ಎತ್ತರದ ಸೀಟಿನ ಮೇಲೆ ಕೂತು ಎರಡೂ ಪಾದ ಪೂರ್ತಿ ಊರಲು ಸಾಧ್ಯವೇ ಇಲ್ಲ. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಇಳಿದು, ಟಾಪ್ ಟ್ಯೂಬ್‌ನ (ಫ್ರೇಮಿನ ಮೇಲಿನ ಕೊಳವೆ) ಎರಡೂ ಬದಿಗೆ ಕಾಲು ಹರಡಿ ನಿಲ್ಲುವುದನ್ನು ಖಾಲಿ ರಸ್ತೆಯಲ್ಲಿ ಒಂದೆರಡು ದಿನ ಅಭ್ಯಾಸ ಮಾಡಿ. ಬೆಂಗಳೂರಿನ ಸಿಗ್ನಲ್‌ಗಳಿಗೆ ಹೆದರಿ ಸೀಟು ಇಳಿಸಿಕೊಂಡವರು ನಂದಿ ಬೆಟ್ಟದ ಏರಿನಲ್ಲಿ ಮಂಡಿ ಹಿಡಿದುಕೊಳ್ಳುತ್ತಾರೆ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಮೊದಲ ಅನುಮಾನ ಸೀಟು ತಗ್ಗಾಗಿದೆ ಅಂತ. ಹಿಂಭಾಗ ನೋಯುತ್ತಿದ್ದರೆ ಎತ್ತರ ಜಾಸ್ತಿ. ಹಿಂದಿನಿಂದ ಯಾರಿಗಾದರೂ ಫೋನಿನಲ್ಲಿ ವಿಡಿಯೊ ಮಾಡಲು ಹೇಳಿ. ಸೊಂಟ ತಕ್ಕಡಿಯ ಹಾಗೆ ತೂಗುತ್ತಿದ್ದರೆ ಸೀಟು ಇಳಿಸಬೇಕು. ಒಂದು ಸಲಕ್ಕೆ 3ರಿಂದ 5 ಮಿ.ಮೀ. ಮಾತ್ರ ಬದಲಾಯಿಸಿ, ಎರಡು ಮೂರು ರೈಡ್ ಮಾಡಿ, ಆಮೇಲೆ ಮುಂದಿನದು. ಸೀಟ್‌ಪೋಸ್ಟ್ (ಸೀಟನ್ನು ಹೊತ್ತ ಕೊಳವೆ) ಮೇಲೆ ಕನಿಷ್ಠ ಒಳಗಿರಬೇಕಾದ ಗೆರೆ ಇರುತ್ತದೆ, ಅದು ಹೊರಗೆ ಕಾಣಬಾರದು. ಕಂಡರೆ ಫ್ರೇಮೇ ಚಿಕ್ಕದಾಗಿದೆ ಅಂತ ಅರ್ಥ.

ಎತ್ತರ ಆದಮೇಲೆ ಸೀಟನ್ನು ಹಿಂದೆ ಮುಂದೆ ಸರಿಸುವ ಕೆಲಸ. ಕ್ರ್ಯಾಂಕ್ ನೆಲಕ್ಕೆ ಸಮನಾಗಿರುವಾಗ, ಮುಂದಿನ ಕಾಲಿನ ಮಂಡಿಚಿಪ್ಪಿನ ಕೆಳಗಿನಿಂದ ಒಂದು ನಟ್ ಕಟ್ಟಿದ ದಾರ ಇಳಿಬಿಡಿ. ಅದು ಪೆಡಲಿನ ಅಚ್ಚಿನ ಮೇಲೆ ಬಿದ್ದರೆ ಶುರುಮಾಡಲು ಒಳ್ಳೆಯ ಜಾಗ ಸಿಕ್ಕಿತು. ಇದೇನೂ ಕಟ್ಟಳೆ ಅಲ್ಲ, ಸ್ವಲ್ಪ ಹಿಂದೆ ಬಿದ್ದರೂ ತಪ್ಪಿಲ್ಲ.

ಕೈ ನೋವಿನ ಗುಟ್ಟು ಇರುವುದು ಇಲ್ಲೇ. ಸೀಟು ತುಂಬಾ ಮುಂದಿದ್ದರೆ, ಅಥವಾ ಅದರ ಮೂತಿ ಕೆಳಗೆ ಬಾಗಿದ್ದರೆ, ಮೈ ಮುಂದಕ್ಕೆ ಜಾರುತ್ತಲೇ ಇರುತ್ತದೆ, ಆ ತೂಕವನ್ನೆಲ್ಲ ಅಂಗೈ ತಡೆಯಬೇಕು. ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುವುದು ಅಂಗೈಯ ಆ ಬದಿಯ ನರ ಒತ್ತಿಕೊಳ್ಳುವುದರಿಂದ. ಬೈಕನ್ನು ಟ್ರೇನರ್ (ನಿಂತಲ್ಲೇ ತುಳಿಯಲು ಬಿಡುವ ಸ್ಟ್ಯಾಂಡ್) ಮೇಲೆ ನಿಲ್ಲಿಸಿ, ಹದವಾಗಿ ತುಳಿಯುತ್ತಾ ಎರಡೂ ಕೈಯನ್ನು ಹ್ಯಾಂಡಲಿನಿಂದ ಒಂದಿಂಚು ಎತ್ತಿ ನೋಡಿ (ರಸ್ತೆಯಲ್ಲಿ ಈ ಸಾಹಸ ಬೇಡ). ಮುಂದಕ್ಕೆ ಮುಗ್ಗರಿಸಿದರೆ ಸೀಟನ್ನು 5 ಮಿ.ಮೀ. ಹಿಂದೆ ಸರಿಸಿ ಮತ್ತೆ ನೋಡಿ. ಹಿಂದೆ ಸರಿಸಿದಾಗ ಪೆಡಲ್ ಸ್ವಲ್ಪ ದೂರವಾಗುತ್ತದೆ, ಒಂದೆರಡು ಮಿ.ಮೀ. ಎತ್ತರ ಇಳಿಸಬೇಕಾಗಬಹುದು. ಮೂತಿ ಮಟ್ಟವಾಗಿರಲಿ, ಫೋನಿನ ಲೆವೆಲ್ ಆ್ಯಪ್ ಇಟ್ಟು ನೋಡಿದರೆ ಸಾಕು. ಬಾಗಿಸಲೇಬೇಕಾದರೂ 2 ಡಿಗ್ರಿ ದಾಟಿಸಬೇಡಿ.

ಸೀಟೇ ಚುಚ್ಚುತ್ತಿದ್ದರೆ ಅಗಲ ಅಳೆಯಿರಿ. ಮೆತ್ತಗಿನ ರಟ್ಟಿನ ಪೆಟ್ಟಿಗೆಯ ತುಂಡನ್ನು ಗಟ್ಟಿ ಸ್ಟೂಲ್ ಮೇಲೆ ಹಾಕಿ, ಅದರ ಮೇಲೆ ಮುಂದಕ್ಕೆ ಬಾಗಿ ಕೂತು ಎದ್ದರೆ ಕೂರುವ ಮೂಳೆಗಳ ಎರಡು ಕುಳಿ ಕಾಣುತ್ತವೆ. ಎರಡರ ನಡುವಿನ ದೂರಕ್ಕೆ ಸುಮಾರು 2 ಸೆಂ.ಮೀ. ಸೇರಿಸಿದರೆ ನಿಮಗೆ ಬೇಕಾದ ಅಗಲ. ದಪ್ಪ ಜೆಲ್ ಕವರ್ ಅರ್ಧ ಗಂಟೆಗೆ ಹಾಯೆನಿಸುತ್ತದೆ, ಎರಡು ಗಂಟೆಗೆ ಮೂಳೆ ಒಳಗಿಳಿದು ಒತ್ತಬಾರದ ಜಾಗ ಒತ್ತುತ್ತದೆ. ಅದೇ ದುಡ್ಡಿಗೆ ಪ್ಯಾಡ್ ಇರುವ ಶಾರ್ಟ್ಸ್ ತೆಗೆದುಕೊಳ್ಳಿ. ಅದರೊಳಗೆ ಒಳಉಡುಪು ಹಾಕಬಾರದು, ಇದನ್ನು ಯಾಕೋ ಯಾರೂ ಹೇಳಿಕೊಡುವುದಿಲ್ಲ.

ಈಗ ಹ್ಯಾಂಡಲ್. ಬ್ರೇಕ್ ಹುಡ್‌ಗಳ (ಬ್ರೇಕ್ ಲಿವರಿನ ಮೇಲಿನ ರಬ್ಬರ್ ಹಿಡಿಗಳು) ಮೇಲೆ ಕೈಯಿಟ್ಟಾಗ ಮೊಣಕೈ ಸ್ವಲ್ಪ ಬಾಗಿರಬೇಕು, ಭುಜ ಕಿವಿಯ ಹತ್ತಿರ ಏರಿರಬಾರದು. ಕೈ ನೆಟ್ಟಗೆ ಚಾಚಿಕೊಂಡಿದ್ದರೆ ಸೀಟನ್ನು ಮುಂದೆ ತಳ್ಳಿ ಹೊಂದಿಸಲು ಹೋಗಬೇಡಿ, ಅಷ್ಟು ಹೊತ್ತು ಕಷ್ಟಪಟ್ಟಿದ್ದೆಲ್ಲ ನೀರುಪಾಲು. ಸ್ಟೆಮ್ (ಹ್ಯಾಂಡಲನ್ನು ಮುಂಭಾಗದ ಕೊಳವೆಗೆ ಜೋಡಿಸುವ ತುಂಡು) ಬದಲಾಯಿಸಿ. 100 ಮಿ.ಮೀ. ಇದ್ದರೆ 80 ಅಥವಾ 90 ಹಾಕಿ. ತುಂಬಾ ತಗ್ಗು ಅನಿಸಿದರೆ ಅದೇ ಸ್ಟೆಮ್ಮನ್ನು ತಲೆಕೆಳಗು ಮಾಡಿ ಹಾಕಬಹುದು, ಅದರ ಮೇಲಿರುವ ಸ್ಪೇಸರ್ (ಉಂಗುರ) ತೆಗೆದು ಅದರ ಕೆಳಗೆ ಹಾಕಬಹುದು. ಎರಡೂ ಕೆಲಸದಲ್ಲಿ ಹೆಡ್‌ಸೆಟ್ (ಹ್ಯಾಂಡಲ್ ತಿರುಗಲು ಇರುವ ಬೇರಿಂಗ್) ಬಿಗಿ ಸರಿಯಾಗಿ ಕೂರಬೇಕು, ಗೊತ್ತಿಲ್ಲದಿದ್ದರೆ ಮೆಕ್ಯಾನಿಕ್ ಹತ್ತಿರ ಮಾಡಿಸಿ. ಹ್ಯಾಂಡಲಿನ ಅಗಲ ಸುಮಾರಾಗಿ ಎರಡು ಭುಜದ ಮೂಳೆಗಳ ನಡುವಿನಷ್ಟಿದ್ದರೆ ಸಾಕು. ಕೈ ಚಿಕ್ಕದಿರುವವರಿಗೆ ಇನ್ನೊಂದು ವಿಷಯ: ಬಹುತೇಕ ಬ್ರೇಕ್ ಲಿವರ್‌ಗಳಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ, ಅದನ್ನು ತಿರುಗಿಸಿದರೆ ಲಿವರ್ ಬೆರಳಿಗೆ ಹತ್ತಿರ ಬರುತ್ತದೆ. ಹೆಂಗಸರಲ್ಲಿ ಎಷ್ಟೋ ಜನ ಇದು ತಿಳಿಯದೆ ಸುಮ್ನೆ ಬ್ರೇಕಿಗೆ ಕೈ ಚಾಚಿ ಚಾಚಿ ಸುಸ್ತಾಗುತ್ತಾರೆ.

ಕ್ಲೀಟ್ (ಶೂ ತಳಕ್ಕೆ ಹಾಕಿ ಪೆಡಲಿಗೆ ಸಿಕ್ಕಿಸುವ ತುಂಡು) ಪೆಡಲಿಗೆ ಅವಸರ ಬೇಡ, ಚಪ್ಪಟೆ ಪೆಡಲಿನಲ್ಲಿ ಸೀಟು ಸರಿಯಾದಮೇಲೆ ಹಾಕಿ. ಶಿಮಾನೊ ಕಂಪನಿಯ ರೋಡ್ ಪೆಡಲ್ ಆದರೆ ಹಳದಿ ಕ್ಲೀಟ್ ಕೇಳಿ. ಅದರಲ್ಲಿ ಪಾದ 6 ಡಿಗ್ರಿಯಷ್ಟು ಆಚೀಚೆ ತಿರುಗುತ್ತದೆ, ಕೆಂಪು ಕ್ಲೀಟ್‌ನಲ್ಲಿ ಅಲುಗುವುದೇ ಇಲ್ಲ.

ಇಷ್ಟೆಲ್ಲ ಮಾಡಿಯೂ ಕೆಲವು ವಾರ ನೋವು ಹೋಗದಿದ್ದರೆ ಬೈಕ್ ಫಿಟ್ಟರ್ ಹತ್ತಿರ ಹೋಗಿ, ಕೆಳಗಿಳಿದ ಮೇಲೂ ಜೋಮು ಉಳಿದರೆ ಡಾಕ್ಟರ್ ಹತ್ತಿರ. ಸರಿಹೋಯಿತು ಅಂದರೆ ಸೀಟ್‌ಪೋಸ್ಟ್‌ಗೆ ಒಂದು ಸುತ್ತು ಇನ್ಸುಲೇಷನ್ ಟೇಪ್ ಹಾಕಿ, ಎಲ್ಲ ಅಳತೆಗಳನ್ನೂ ಫೋನಿನಲ್ಲಿ ಬರೆದಿಡಿ, ಸರ್ವಿಸ್‌ಗೆ ಕೊಟ್ಟಾಗಲೋ ಬಸ್ಸಿಗೆ ಹಾಕಿದಾಗಲೋ ಸೀಟು ಅಲುಗಿದರೆ ಮತ್ತೆ ಮೊದಲಿನಿಂದ ಹುಡುಕಬೇಕಾಗಿಲ್ಲ. ಸ್ಟೆಮ್ ಮೇಲೆ ಉಳಿದ ಉದ್ದನೆಯ ಕೊಳವೆಯನ್ನು, ನೋಡಲು ಚೆನ್ನಾಗಿಲ್ಲ ಅಂತ ಈಗಲೇ ಕತ್ತರಿಸಲು ಮಾತ್ರ ಯಾರಿಗೂ ಬಿಡಬೇಡಿ.