ಗುಸ್ತಾರ್ ಅರ್ಥವಾದದ್ದು ಕನ್ನಡದಲ್ಲಿ

ಸ್ಪ್ಯಾನಿಷ್ ಕಲಿಯಲು ಶುರು ಮಾಡಿದಾಗ ನನ್ನನ್ನು ಜಾಸ್ತಿ ಕಾಡಿದ ಪದ ‘ಗುಸ್ತಾರ್’. ಪುಸ್ತಕದಲ್ಲಿ ಅದರ ಮುಂದೆ ‘ಟು ಲೈಕ್’ ಅಂತ ಇತ್ತು. ‘ಯೋ’ ಅಂದರೆ ನಾನು. ಹಾಗಾಗಿ ಕಾಫಿ ಇಷ್ಟ ಅನ್ನಲು ‘ಯೋ ಗುಸ್ತೋ ಕಫೆ’ ಎಂದು ಬರೆದೆ. ತಪ್ಪು. ‘ಮೆ ಗುಸ್ತಾ ಎಲ್ ಕಫೆ’ ಅನ್ನಬೇಕು. ಬಾಯಿಪಾಠ ಮಾಡಿದೆ. ಮಾತಾಡುವಾಗ ಮತ್ತೆ ‘ಯೋ’ ನುಗ್ಗಿ ಬರುತ್ತಿತ್ತು.

ಒಂದು ಸಂಜೆ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅರ್ಥ ಹೊಡೆದುಹಾಕಿ, ಕನ್ನಡದಲ್ಲಿ ಬರೆದು ನೋಡಿದೆ. ‘ಮೆ’ ಅಂದರೆ ನನಗೆ. ನನಗೆ ಕಾಫಿ ಇಷ್ಟ. ನಾವೂ ‘ನನಗೆ’ ಅಂತಲೇ ಅಲ್ವಾ ಹೇಳೋದು? ಆಮೇಲೆ ‘ಗುಸ್ತೋ’ ಅಂದರೆ ರುಚಿ ಅಂತಲೂ ಗೊತ್ತಾಯಿತು. ಆಗ ಹೊಳೆದದ್ದು ನಮ್ಮ ‘ರುಚಿಸು’. ‘ಅವನ ಮಾತು ನನಗೆ ರುಚಿಸಲಿಲ್ಲ’ ಅಂತೀವಲ್ಲ, ಅದೇ ಕಟ್ಟು! ಇಷ್ಟಪಡುವವರು ಒಬ್ಬರಿರಲಿ, ಹತ್ತು ಜನರಿರಲಿ, ಕ್ರಿಯಾಪದ ನೋಡುವುದು ರುಚಿಸುವ ವಸ್ತುವನ್ನು. ಒಂದು ವಸ್ತುವಾದರೆ ‘ಗುಸ್ತಾ’, ರುಚಿಸುತ್ತದೆ. ಹಲವಾದರೆ ‘ಗುಸ್ತಾನ್’, ರುಚಿಸುತ್ತವೆ. ‘ಮೆ ಗುಸ್ತಾನ್ ಲೋಸ್ ಲಿಬ್ರೋಸ್’, ನನಗೆ ಪುಸ್ತಕಗಳು ರುಚಿಸುತ್ತವೆ. ಅವತ್ತಿನಿಂದ ‘ಯೋ’ ಕಾಟ ಬಹುಮಟ್ಟಿಗೆ ನಿಂತಿತು.

ಅದೇ ಖುಷಿಯಲ್ಲಿ ‘ನನಗೆ’ ಇಂದ ಶುರುವಾಗುವ ವಾಕ್ಯಗಳನ್ನೆಲ್ಲ ಹುಡುಕಿದೆ. ನನಗೆ ತಲೆ ನೋಯುತ್ತದೆ: ‘ಮೆ ದುಏಲೆ ಲಾ ಕಬೇಸಾ’. ಸರಿಯಾಗಿ ಕೂತಿತು. ‘ನನಗೆ ಹಸಿವಾಗಿದೆ’ ಮಾತ್ರ ಹಾಗೆ ಕೂರಲಿಲ್ಲ. ಅವರು ‘ತೆಂಗೋ ಆಂಬ್ರೆ’ ಅನ್ನುತ್ತಾರೆ, ಅಂದರೆ ಹಸಿವನ್ನು ಹೊಂದಿದ್ದೇನೆ ಅಂತ.

ಇನ್ನೊಂದು ಕಡೆಯೂ ಕನ್ನಡ ಕೈಕೊಡುತ್ತದೆ. ಅಮ್ಮನಿಗೆ ಮಾವಿನಹಣ್ಣು ಇಷ್ಟ ಅನ್ನಲು ನಮಗೆ ಒಂದು ‘ಗೆ’ ಸಾಕು. ಅವರಿಗೆ ಎರಡು ಬೇಕು. ‘ಆ ಮಿ ಮಾದ್ರೆ ಲೆ ಗುಸ್ತಾ ಎಲ್ ಮಾಂಗೋ’: ನನ್ನ ಅಮ್ಮನಿಗೆ, ಅವಳಿಗೆ, ಮಾವು ರುಚಿಸುತ್ತದೆ. ಆ ‘ಲೆ’ ನನಗೆ ತುಂಬಾ ದಿನ ಬಿಟ್ಟುಹೋಗುತ್ತಿತ್ತು. ಮನೆಯವರ ಒಬ್ಬೊಬ್ಬರ ಇಷ್ಟವನ್ನೂ ದಿನಾ ಜೋರಾಗಿ ಹೇಳಿಕೊಂಡೆ. ಹಾಗೆ ನಾಲಿಗೆ ಪಳಗಿತು. ‘ಗುಸ್ತಾ’ ಅನ್ನುವಾಗಿನ ‘ತ’ ನಮ್ಮ ತ ತರಹವೇ, ಇಂಗ್ಲಿಷಿನ ಟ ಅಲ್ಲ.

ಮನುಷ್ಯರ ವಿಷಯಕ್ಕೆ ಬಂದರೆ ಹುಷಾರಾಗಿರಬೇಕು. ಒಬ್ಬರಿಗೆ ‘ಮೆ ಗುಸ್ತಾಸ್’ ಅಂದರೆ ಸಾಮಾನ್ಯವಾಗಿ ನಿನ್ನ ಮೇಲೆ ಮನಸ್ಸಾಗಿದೆ ಅಂತ ಅರ್ಥ. ಪಕ್ಕದ ಮನೆಯ ಅಜ್ಜಿ ಒಳ್ಳೆಯವರು, ನನಗೆ ಹಿಡಿಸುತ್ತಾರೆ ಅನ್ನಲು ‘ಮೆ ಕಾಎ ಬಿಎನ್’ ಅನ್ನಬೇಕು. ಅಕ್ಷರಕ್ಕೆ ಅಕ್ಷರ ನೋಡಿದರೆ ‘ನನಗೆ ಚೆನ್ನಾಗಿ ಬೀಳುತ್ತಾರೆ’. ಇದಕ್ಕೂ ಮೊದಲಿಗೆ ‘ನನಗೆ’ಯೇ.